ಮಗುವಿನ ದೇಹದಲ್ಲಿ ಉಳಿಯುವ ಏಟು

ಧ್ಯಾನಕ್ಕಾಗಿ ಓದತಕ್ಕ ಭಾಗ: ಮಾರ್ಕ ೯ನೆಯ ಅಧ್ಯಾಯ, ೧೪ನೆಯ ವಚನದಿಂದ ೪೨ನೆಯ ವಚನದ ವರೆಗೆ.



ಒಬ್ಬ ತಂದೆಯು ರೋಗದಿಂದ ಪೀಡಿತನಾದ ತನ್ನ ಮಗನನ್ನು ಕರ್ತನ ಬಳಿಗೆ ಕರತಂದ ಸಂಗತಿಯು ಮೇಲೆ ಕಂಡ ಭಾಗದಲ್ಲಿದೆ. ಹುಡುಗನು ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದನು. ಶಿಷ್ಯರ ಕೈಯಿಂದ ಏನೂ ಆಗಿರಲಿಲ್ಲ. ಸುತ್ತಲೂ ಜನರ ಗುಂಪು, ಶಾಸ್ತ್ರಿಗಳ ತರ್ಕ. ಇಂಥಾ ಗದ್ದಲದ ನಡುವೆ ನಮ್ಮ ಕರ್ತನು ಹುಡುಗನನ್ನು ವಾಸಿಮಾಡುವದಕ್ಕೆ ಮುಂಚೆ ತಂದೆಯ ಕಡೆಗೆ ತಿರುಗಿ, ಈ ಬಾಧೆಯು ಮಗನಿಗೆ ಎಂದಿನಿಂದ ಹತ್ತಿತೆಂದು ವಿಚಾರಿಸಿದನು. ಚಿಕ್ಕಂದಿನಿಂದಲೇ ಎಂಬದು ತಂದೆಯ ಉತ್ತರವಾಗಿತ್ತು.

ಎಲ್ಲವನ್ನೂ ಬಲ್ಲಾತನಿಗೆ ಈ ಪ್ರಶ್ನೆಯ ಅವಶ್ಯವೇನಿತ್ತು? ಆತನಿಗೆ ಅವಶ್ಯವಿರಲಿಲ್ಲ, ತಂದೆಗೆ ಅವಶ್ಯವಿತ್ತು. ಮಗುವಿನ ನೋವಿಗೆ ಒಂದು ಆರಂಭವುಂಟು, ಆ ಆರಂಭವನ್ನು ಹೆತ್ತವರು ನೆನಸಿಕೊಂಡು ಬಾಯಿಬಿಟ್ಟು ಹೇಳಬೇಕು ಎಂಬದು ಇದರಿಂದ ಕಾಣಬರುತ್ತದೆ. ಆ ಹುಡುಗನ ರೋಗವು ತಂದೆಯ ತಪ್ಪಿನಿಂದ ಬಂದದ್ದೆಂದು ವಾಕ್ಯವು ಹೇಳುವದಿಲ್ಲ. ನಾವೂ ಹಾಗೆ ಹೇಳಬಾರದು. ಆದರೂ ಅದೇ ಪ್ರಶ್ನೆಯನ್ನು ಈ ತಿಂಗಳು ನಮ್ಮ ನಮ್ಮ ಮನೆಗಳೊಳಕ್ಕೆ ತೆಗೆದುಕೊಂಡು ಹೋಗಬೇಕೆಂದು ನಮ್ಮ ಮನಸ್ಸಿಗೆ ಬಂದಿದೆ. ಅದಕ್ಕೆ ಕಾರಣವೂ ಉಂಟು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಒಂದು ಗ್ರಾಮದಲ್ಲಿ ನಾವು ಒಂದು ರಾತ್ರಿ ತಂಗಿದ್ದೆವು. ಮನೆಯವರು ಭಕ್ತಿಯುಳ್ಳವರು, ಆರಾಧನೆಯನ್ನು ತಪ್ಪಿಸುವವರಲ್ಲ. ಬೆಳಗಿನ ಜಾವದಲ್ಲಿ ಏಟಿನ ಸದ್ದಿಗೆ ನಮಗೆ ಎಚ್ಚರವಾಯಿತು. ಹೊರಗೆ ಬಂದು ನೋಡಲಾಗಿ, ಎಂಟು ವರುಷದ ಹುಡುಗನೊಬ್ಬನು ನೆನೆದ ಚಾಪೆಯನ್ನು ತಲೆಯ ಮೇಲೆ ಹೊತ್ತುಕೊಂಡು ಅಂಗಳದಲ್ಲಿ ನಿಂತಿದ್ದನು. ಅವನ ಕಾಲುಗಳ ಮೇಲೆ ಬಾಸುಂಡೆ ಎದ್ದಿತ್ತು. ಕೇರಿಯ ಮಕ್ಕಳು ಬೇಲಿಯಾಚೆ ನಿಂತು ನಗುತ್ತಿದ್ದರು. ಹುಡುಗನು ಅಳುತ್ತಿರಲಿಲ್ಲ. ಅವನು ಅಳದೆ ಇದ್ದದ್ದೇ ನಮಗೆ ಹೆಚ್ಚು ಸಂಕಟವನ್ನುಂಟುಮಾಡಿತು.

ನಾವು ತಂದೆಯನ್ನು ಪಕ್ಕಕ್ಕೆ ಕರೆದು ಕೇಳಿದೆವು. ಆತನು ಸಿಟ್ಟಾಗದೆ ವಿನಯದಿಂದಲೇ, "ಅಯ್ಯನವರೇ, ಹೋದ ವರುಷ ನೀವೇ ನಮ್ಮ ಗುಡಿಯಲ್ಲಿ ನಿಂತು ಜ್ಞಾನೋಕ್ತಿಗಳಿಂದ ಬೆತ್ತದ ಮಾತನ್ನು ಬೋಧಿಸಿದಿರಿ. ನಾನು ಅದರಂತೆ ನಡೆಯುತ್ತಾ ಇದ್ದೇನೆ. ಆದರೂ ಇವನಿಗೆ ಬುದ್ಧಿ ಬರಲಿಲ್ಲ. ದಿನಾ ಹೊಟ್ಟೆನೋವು ಅನ್ನುತ್ತಾನೆ, ಸ್ಕೂಲಿಗೆ ಹೋಗಲೊಲ್ಲ" ಎಂದನು.

ಪ್ರಿಯರೇ, ಆ ಮಾತು ನಮ್ಮನ್ನು ಇರಿಯಿತು. ಹಾಗೆ ಬೋಧಿಸಿದ್ದು ನಿಜ. ಬೆತ್ತದ ವಚನವನ್ನು ಓದಿದೆವು. ಆ ಬೆತ್ತವು ಯಾರ ಕೈಯಲ್ಲಿರಬೇಕು, ಯಾತಕ್ಕೆ ಇರಬೇಕು ಎಂಬದನ್ನು ಬಿಡಿಸಿ ಹೇಳಲಿಲ್ಲ. ಆದಕಾರಣ ಈ ಪ್ರಸಂಗವು ಮೊದಲು ನಮ್ಮ ಅರಿಕೆ, ಆಮೇಲೆ ನಿಮಗೆ ಉಪದೇಶ.

ಮೊದಲನೆಯದಾಗಿ, ಮಗುವಿಗೆ ಮಾಡಿದ್ದು ಅದರ ದೇಹದಲ್ಲಿ ಉಳಿಯುತ್ತದೆಂಬದನ್ನು ವಿಚಾರಿಸೋಣ.

ಮೈಸೂರಿನ ಮಿಶನ್ ಆಸ್ಪತ್ರೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೆಸ್ಲಿಯನ್ ಮಿಶನ್ನಿನವರು ಸ್ತ್ರೀಯರಿಗೂ ಮಕ್ಕಳಿಗೂ ಎಂದು ಕಟ್ಟಿಸಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೇ ಅದು. ಅಲ್ಲಿಯ ಸೂಲಗಿತ್ತಿಯರೂ ದಾದಿಯರೂ ೧೯೩೪ನೆಯ ಇಸವಿಯಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ದಫ್ತರದಲ್ಲಿ ಬರೆದಿಡುತ್ತಾ ಬಂದರು. ಅದರಿಂದ ಮುಂದೆ ಏನು ಪ್ರಯೋಜನವಾದೀತೆಂದು ಅವರಿಗೆ ತಿಳಿದಿರಲಿಲ್ಲ. ತಮ್ಮ ಕೆಲಸವನ್ನು ನಂಬಿಗಸ್ತಿಕೆಯಿಂದ ಮಾಡಿದರು. ಸುಮಾರು ಅರುವತ್ತು ವರುಷಗಳ ತರುವಾಯ ವೈದ್ಯರು ಆ ದಫ್ತರಗಳನ್ನು ತೆರೆದು, ೧೯೩೪ಕ್ಕೂ ೧೯೫೪ಕ್ಕೂ ನಡುವೆ ಅಲ್ಲಿ ಹುಟ್ಟಿ ಆಗಲೂ ಮೈಸೂರಿನ ಸುತ್ತ ವಾಸವಾಗಿದ್ದ ೫೧೭ ಮಂದಿ ಸ್ತ್ರೀಪುರುಷರನ್ನು ಹುಡುಕಿ, ಅವರ ಹೃದಯವನ್ನು ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ಆ ಪರಿಶೋಧನೆಯ ಫಲವೇನೆಂದರೆ: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರೋಗವಿತ್ತು, ಮೂರು ಕಿಲೋಗಿಂತ ಮೇಲೆ ತೂಗಿದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ ಇತ್ತು. ತಾಯಿಯ ಗರ್ಭದಲ್ಲಿ ಕೂಸಿಗಾದ ಕೊರತೆಯು ಐವತ್ತು ವರುಷವಾದ ಮೇಲೂ ಎದೆಯಲ್ಲಿ ಅಡಗಿತ್ತು. ಕೂಸು ಅದನ್ನು ಮರೆತಿದ್ದರೂ ಅದರ ದೇಹವು ಮರೆತಿರಲಿಲ್ಲ.

ಆದಕಾರಣ ಮಗುವಿನ ಮೇಲಣ ಕ್ರೂರತೆಯು ಎಷ್ಟೋ ಮನೆಗಳಲ್ಲಿ ಅದು ಹುಟ್ಟುವದಕ್ಕಿಂತ ಮುಂಚೆಯೇ ಆರಂಭವಾಗುತ್ತದೆಂದು ತಿಳಿಯಿರಿ. ಬಸುರಿಯಾದ ಸೊಸೆಗೆ ಕಡೆಯ ಪಂಕ್ತಿಯಲ್ಲಿ ತಳದ ಸಾರು ಬಡಿಸುವದು, ಕುಡಿದು ಬಂದು ಅವಳನ್ನು ಹೊಡೆಯುವದು, ಹದಿನೆಂಟು ತುಂಬದ ಹುಡುಗಿಯನ್ನು ಮದುವೆಮಾಡಿ ಕೊಟ್ಟು ಅವಳು ತಾನೇ ಬೆಳೆಯುವದಕ್ಕೆ ಮುಂಚೆ ತಾಯಿಯಾಗುವಂತೆ ಮಾಡುವದು, ಇವೆಲ್ಲಾ ಕೂಸಿನ ಮೇಲೆಯೂ ಬೀಳುವ ಏಟುಗಳೇ. ಇದಕ್ಕಿಂತಲೂ ಭಯಂಕರವಾದದ್ದು ನಮ್ಮ ಸೀಮೆಯಲ್ಲೇ ನಡೆದಿದೆ. ೨೦೨೩ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಯಂತ್ರವನ್ನಿಟ್ಟು, ಗರ್ಭದಲ್ಲಿರುವದು ಹೆಣ್ಣೋ ಗಂಡೋ ಎಂದು ನೋಡಿ ಹೇಳುತ್ತಿದ್ದವರನ್ನು ಪೊಲೀಸರು ಬಯಲಿಗೆ ತಂದರು. ೨೦೨೪ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ಸಿಬ್ಬಂದಿಯ ವಸತಿಗೃಹದಲ್ಲಿಯೇ ಅಂಥಾ ಗರ್ಭಪಾತದ ಕೆಲಸ ಸಿಕ್ಕಿಬಿತ್ತು. ೧೯೯೪ರ ಕಾಯಿದೆಯು ಗರ್ಭದ ಶಿಶು ಹೆಣ್ಣೋ ಗಂಡೋ ಎಂದು ನೋಡಿ ಹೇಳುವದನ್ನು ನಿಷೇಧಿಸುತ್ತದೆ. ಬೆಲ್ಲವನ್ನು ಕಾಯಿಸತಕ್ಕ ಸ್ಥಳದಲ್ಲಿ ಹೆಣ್ಣುಕೂಸಿನ ಮರಣತೀರ್ಪು ಬರೆಯಲ್ಪಟ್ಟಿತು. ಇದು ಅನ್ಯರ ಪಾಪವೆಂದು ನಾವು ಸುಮ್ಮನಿರಬಹುದೇ? ಹುಟ್ಟಿದ ಹೆಣ್ಣುಮಗುವಿಗೆ ಹಾಲು ಕಡಿಮೆ, ಔಷಧ ತಡ, ಬೈಗಳು ಮೊದಲು ಎಂಬ ರೀತಿಯು ಶಿಲುಬೆಯನ್ನು ಗೋಡೆಗೆ ತೂಗುಹಾಕಿದ ಮನೆಗಳಲ್ಲಿಯೂ ಇದೆ.

ಎರಡನೆಯದಾಗಿ, ಹುಟ್ಟಿದ ಮಗುವನ್ನು ಹೊಡೆದು ಬೈದು ಹೆದರಿಸಿದರೆ ಅದರ ದೇಹದಲ್ಲಿ ಏನಾಗುತ್ತದೆಂದು ಕೇಳಿರಿ.

ಗದ್ದೆಯ ಬದುವಿನ ಮೇಲೆ ಹಾವನ್ನು ಕಂಡವನಿಗೆ ಏನಾಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಹಸಿವು ನಿಂತುಹೋಗುತ್ತದೆ, ಕಾಲುಗಳಿಗೆ ಓಡುವ ಬಲ ಬರುತ್ತದೆ. ಭಯದ ಸಮಯದಲ್ಲಿ ಕೆಲವು ರಸಗಳು ರಕ್ತದಲ್ಲಿ ಸೇರಿ ಹೀಗೆ ಮಾಡುತ್ತವೆ. ಇದು ದೇವರು ಪ್ರಾಣರಕ್ಷಣೆಗಾಗಿ ಇಟ್ಟ ಏರ್ಪಾಡು. ಹಾವು ಹೋದ ಮೇಲೆ ದೇಹವು ಶಾಂತವಾಗುತ್ತದೆ. ಆದರೆ ಹಾವು ಪ್ರತಿ ಸಾಯಂಕಾಲವೂ ಮನೆಯ ಬಾಗಿಲಿಂದಲೇ ಒಳಗೆ ಬಂದರೆ? ತಂದೆಯ ಹೆಜ್ಜೆಯ ಸಪ್ಪಳಕ್ಕೆ ಮಗುವಿನ ಎದೆ ಹಾಗೆ ಹೊಡೆದುಕೊಂಡರೆ? ಆಗ ಆ ರಸಗಳು ಇಳಿಯುವದಕ್ಕೆ ಸಮಯವೇ ಇಲ್ಲ. ನಿದ್ರೆ ಕೆಡುತ್ತದೆ. ಹೊಟ್ಟೆನೋವು, ತಲೆನೋವು ಬರುತ್ತವೆ. ಹಾಸಿಗೆ ಒಣಗಿರುತ್ತಿದ್ದ ಮಗು ಮತ್ತೆ ನೆನಸಲು ಆರಂಭಿಸುತ್ತದೆ. ಪಾಠ ನೆನಪಿನಲ್ಲಿ ನಿಲ್ಲುವದಿಲ್ಲ. ಸದಾ ಭಯದಲ್ಲಿ ಬೆಳೆಯುವ ಕೆಲವು ಮಕ್ಕಳು ಎತ್ತರಕ್ಕೆ ಬೆಳೆಯುವದೂ ಕುಂಠಿತವಾಗುತ್ತದೆಂದು ವೈದ್ಯರು ಕಂಡಿದ್ದಾರೆ. ನಾವು ಸೋಮಾರಿತನವೆಂದೂ ಮೊಂಡುತನವೆಂದೂ ಕರೆದದ್ದು ಎಷ್ಟೋ ಸಾರಿ ಭಯದ ರೋಗವೇ ಆಗಿದೆ. ಆ ರೋಗಕ್ಕೆ ಇನ್ನೊಂದು ಏಟನ್ನು ಮದ್ದಾಗಿ ಕೊಡುತ್ತೇವೆ.

ಕೂಡಲೆ ಕಾಣುವ ಕೇಡುಗಳೂ ಉಂಟು. ಕಪಾಳಕ್ಕೆ ಹೊಡೆದರೆ ಕಿವಿಯ ತಮಟೆ ಹರಿಯಬಹುದು. ಅಳುವ ಹಸುಗೂಸನ್ನು ಸಿಟ್ಟಿನಿಂದ ಹಿಡಿದು ಅಲ್ಲಾಡಿಸಿದರೆ, ಮೈಮೇಲೆ ಒಂದು ಗಾಯವೂ ಕಾಣದೆ ತಲೆಯೊಳಗೆ ರಕ್ತ ಸುರಿದು, ಕೂಸು ಕುರುಡಾಗಬಹುದು, ಸಾಯಲೂಬಹುದು. ಸೆಳವಿಗೂ ಕಾಮಾಲೆಗೂ ಬರೆ ಹಾಕುವದರಿಂದ ರೋಗವು ಹೋಗುವದಿಲ್ಲ. ಗಾಯವು ಕೀವಾಗಿ ಮತ್ತೊಂದು ರೋಗವು ಸೇರುತ್ತದೆ. ಮೆಣಸಿನಕಾಯಿಯ ಹೊಗೆ ಹಿಡಿಯುವ ಶಿಕ್ಷೆಯು ಎಳೆಯ ಶ್ವಾಸಕೋಶವನ್ನು ಸುಡುತ್ತದೆ. ನಾವೆಲ್ಲರೂ ಕಬ್ಬಿನ ಗದ್ದೆಗೆ ಹೋಗಿ, ನಾಲ್ಕು ವರುಷದ ಮಗುವಿನ ವಶಕ್ಕೆ ಒಂದು ವರುಷದ ಕೂಸನ್ನು ಕೊಟ್ಟು, ನಾಲೆಯ ದಂಡೆಯಲ್ಲಿಯೋ ಆಲೆಮನೆಯ ಕೊಪ್ಪರಿಗೆಯ ಸಮೀಪದಲ್ಲಿಯೋ ಬಿಟ್ಟರೆ, ಅದು ಹೊಡೆತವಲ್ಲದಿದ್ದರೂ ಅಲಕ್ಷ್ಯವೇ. ಬಡತನವು ಪಾಪವಲ್ಲ. ಆದರೆ ಊರಲ್ಲಿ ಅಂಗನವಾಡಿ ಇರುವಾಗ, ನೆರೆಯಲ್ಲಿ ಒಬ್ಬ ಅಜ್ಜಿ ಇರುವಾಗ, ಕೂಸನ್ನು ಒಪ್ಪಿಸಿ ಹೋಗದೆ ಇರುವದಕ್ಕೆ ನಾವು ಉತ್ತರ ಕೊಡಬೇಕು.

ಮುಂದೆ ಬರುವ ಕೇಡುಗಳ ವಿಷಯವಾಗಿ, ೧೯೯೮ರಲ್ಲಿ ಅಮೇರಿಕದ ವೈದ್ಯರಾದ ಫೆಲಿಟಿ, ಆಂಡ ಎಂಬವರೂ ಅವರ ಜೊತೆಗಾರರೂ ಒಂದು ಪರಿಶೋಧನೆಯನ್ನು ಪ್ರಕಟಿಸಿದರು. ಅವರು ೯,೫೦೦ಕ್ಕಿಂತ ಹೆಚ್ಚು ಮಂದಿ ದೊಡ್ಡವರ ಬಾಲ್ಯವನ್ನು ವಿಚಾರಿಸಿದರು. ಏಟು, ನಿಂದೆ, ಮೈಯನ್ನು ಕೆಡಿಸುವ ದುಷ್ಕೃತ್ಯ, ಹೆತ್ತತಾಯಿ ಹೊಡೆಸಿಕೊಳ್ಳುವದನ್ನು ನೋಡುವದು, ಮನೆಯಲ್ಲಿ ಕುಡುಕತನ, ಇಂಥವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಗಳನ್ನು ಅನುಭವಿಸಿದವರಿಗೆ ಕುಡಿತದ ಚಟ, ಮನಗುಂದುವಿಕೆ, ಆತ್ಮಹತ್ಯದ ಪ್ರಯತ್ನ ಇವುಗಳ ಅಪಾಯವು ಏನೂ ಅನುಭವಿಸದವರಿಗಿಂತ ೪ರಿಂದ ೧೨ ಪಾಲಿನಷ್ಟು ಹೆಚ್ಚಾಗಿತ್ತು. ಹೃದಯದ ರೋಗ, ಶ್ವಾಸಕೋಶದ ರೋಗ, ಯಕೃತ್ತಿನ ರೋಗ ಇವೂ ಅವರಲ್ಲಿ ಹೆಚ್ಚಾಗಿ ಕಂಡವು. ಕುಡಿಯುವ ತಂದೆಯು ಹೊಡೆಯುತ್ತಾನೆ. ಹೊಡೆಸಿಕೊಂಡ ಮಗನು ಬೆಳೆದು ಕುಡಿಯುತ್ತಾನೆ. ನಮ್ಮ ಕೇರಿಗಳಲ್ಲಿ ಇದನ್ನು ಕಣ್ಣಾರೆ ಕಂಡಿಲ್ಲವೇ?

ಇಂಡಿಯಾ ದೇಶದ ಸರಕಾರದವರೇ ೨೦೦೭ರಲ್ಲಿ ಪ್ರಕಟಿಸಿದ ವರದಿಯೊಂದುಂಟು. ೧೩ ರಾಜ್ಯಗಳಲ್ಲಿ ೧೨,೪೪೭ ಮಕ್ಕಳನ್ನು ವಿಚಾರಿಸಲಾಗಿ, ಮೂವರಲ್ಲಿ ಇಬ್ಬರು ಹೊಡೆತವನ್ನು ಅನುಭವಿಸಿದವರೇ. ಮೈಯನ್ನು ಕೆಡಿಸುವ ಯಾವದಾದರೊಂದು ಕೃತ್ಯಕ್ಕೆ ಗುರಿಯಾದವರು ಅರ್ಧಕ್ಕಿಂತ ಹೆಚ್ಚು. ಕರ್ನಾಟಕವು ಆ ೧೩ರಲ್ಲಿ ಸೇರಿರಲಿಲ್ಲ. ಆದಕಾರಣ ನಮ್ಮಲ್ಲಿ ಹಾಗಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಮೂರನೆಯದಾಗಿ, ಆ ತಂದೆಯು ಕೇಳಿದ ಬೆತ್ತದ ಪ್ರಶ್ನೆಗೆ ಬರೋಣ.

ಜ್ಞಾನೋಕ್ತಿಗಳ ೧೩ನೆಯ ಅಧ್ಯಾಯದಲ್ಲಿಯೂ ೨೩ನೆಯ ಅಧ್ಯಾಯದಲ್ಲಿಯೂ ಬೆತ್ತದ ಮಾತು ಇರುವದು ಸತ್ಯ. ಅದನ್ನು ಮುಚ್ಚಿಡುವದು ಸರಿಯಲ್ಲ. ಆದರೆ ವೇದವನ್ನು ವೇದದಿಂದಲೇ ತಿಳಿದುಕೊಳ್ಳಬೇಕು. ೨೩ನೆಯ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿ ದೊಣ್ಣೆಯುಂಟು. ಅದನ್ನು ಕಂಡು ಕುರಿಯು ಹೆದರುವದಿಲ್ಲ, ಧೈರ್ಯಗೊಳ್ಳುತ್ತದೆ. ಕೃಷ್ಣರಾಜಪೇಟೆಯ, ನಾಗಮಂಗಲದ ಬಯಲುಗಳಲ್ಲಿ ಕುರಿಕಾಯುವವರನ್ನು ನೋಡಿರಿ. ಕೋಲಿನಿಂದ ಅವರು ತೋಳವನ್ನು ಅಟ್ಟುತ್ತಾರೆ, ಪೊದೆಯನ್ನು ಸರಿಸುತ್ತಾರೆ, ದಾರಿಯನ್ನು ತೋರಿಸುತ್ತಾರೆ. ಮರಿಯ ಕಾಲು ಮುರಿಯುವ ಕುರುಬನನ್ನು ಯಾರು ಕೂಲಿಗೆ ಇಟ್ಟುಕೊಂಡಾರು? ಇದಲ್ಲದೆ ಅಪೊಸ್ತಲನಾದ ಪೌಲನು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಿಕೆಗಳಲ್ಲಿ ತಂದೆಗಳಿಗೆ ಆಜ್ಞೆ ಕೊಡುವಾಗ, ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬಾರದೆಂದೂ, ಹಾಗೆ ಮಾಡಿದರೆ ಅವರ ಎದೆ ಒಡೆದುಹೋದೀತೆಂದೂ ಎಚ್ಚರಿಸುತ್ತಾನೆ. ಚಾಪೆ ಹೊತ್ತು ನಿಂತ ಆ ಹುಡುಗನಿಗೆ ಆದದ್ದು ಇದೇ. ನಮ್ಮ ಕರ್ತನಾದರೋ ಮಕ್ಕಳ ಮೇಲೆ ಕೈಯಿಟ್ಟನೆಂದು ಸುವಾರ್ತೆಯಲ್ಲಿದೆ. ಆ ಕೈ ಆಶೀರ್ವಾದಕ್ಕಾಗಿ ಇಟ್ಟ ಕೈ. ಆತನು ಯಾವ ಮಗುವನ್ನಾದರೂ ಹೊಡೆದನೆಂದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ.

ನಮ್ಮ ಪೂರ್ವಿಕರ ಮಾತನ್ನೂ ಅರಿಕೆಮಾಡತಕ್ಕದ್ದು. ನಮ್ಮ ಸಭೆಗಳಿಗೆ ಸುವಾರ್ತೆಯನ್ನು ತಂದವರು ವೆಸ್ಲಿಯವರ ಪಂಗಡದವರು. ೧೯೪೭ರಲ್ಲಿ ನಾವು ದಕ್ಷಿಣ ಇಂಡಿಯಾ ಸಭೆಯಲ್ಲಿ ಕೂಡಿಕೊಂಡೆವು. ಜಾನ್ ವೆಸ್ಲಿಯವರ ತಾಯಿ ಸುಸನ್ನಾ ಅಮ್ಮನವರು ೧೯ ಮಕ್ಕಳನ್ನು ಹೆತ್ತವರು, ಅನೇಕರನ್ನು ಎಳೆಯ ಪ್ರಾಯದಲ್ಲಿಯೇ ಕಳಕೊಂಡವರು. ಮಕ್ಕಳಿಗೆ ಒಂದು ವರುಷ ತುಂಬಿದಾಗಲೇ ಬೆತ್ತಕ್ಕೆ ಹೆದರುವದನ್ನೂ ಸದ್ದಿಲ್ಲದೆ ಅಳುವದನ್ನೂ ಕಲಿಸಿದೆನೆಂದು ಅವರು ೧೭೩೨ರಲ್ಲಿ ಮಗನಿಗೆ ಬರೆದರು. ಮಗನೂ ಮಕ್ಕಳ ಸ್ವಂತ ಇಚ್ಛೆಯನ್ನು ಮುರಿಯಬೇಕೆಂದು ಬೋಧಿಸಿದರು. ಅವರು ದೊಡ್ಡ ದೇವಭಕ್ತರು. ಆದರೂ ಈ ಒಂದು ವಿಷಯದಲ್ಲಿ ಅವರನ್ನು ನಾವು ಅನುಸರಿಸಬೇಕಾಗಿಲ್ಲ. ಆದರೆ ಅದೇ ತಾಯಿ ಇನ್ನೊಂದು ಕೆಲಸವನ್ನೂ ಮಾಡಿದರು. ಮನೆತುಂಬ ಮಕ್ಕಳಿದ್ದರೂ ವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಯಂಕಾಲವನ್ನು ಗೊತ್ತುಮಾಡಿ, ಆ ಮಗುವಿನ ಸಂಗಡ ಮಾತ್ರ ಕೂತು ಮಾತಾಡುತ್ತಿದ್ದರು. ಜಾನನ ಪಾಲಿಗೆ ಬಂದದ್ದು ಗುರುವಾರ. ಅವರು ದೊಡ್ಡವರಾಗಿ ಆಕ್ಸ್‌ಫರ್ಡಿನಲ್ಲಿ ಪಂಡಿತರಾಗಿದ್ದಾಗ, ಆ ಗುರುವಾರದ ಸಾಯಂಕಾಲದ ಹೊತ್ತಿನಲ್ಲಿ ಸ್ವಲ್ಪವನ್ನಾದರೂ ತನಗಾಗಿ ಮತ್ತೆ ಮೀಸಲಿಡಬೇಕೆಂದು ತಾಯಿಯನ್ನು ಬೇಡಿಕೊಂಡರು. ನೋಡಿರಿ, ಮಗನು ತಿರಿಗಿ ಬೇಕೆಂದು ಹಂಬಲಿಸಿದ್ದು ಬೆತ್ತವನ್ನಲ್ಲ, ಗುರುವಾರವನ್ನು.

ಕಡೆಯದಾಗಿ, ನಾವು ಮಾಡತಕ್ಕದ್ದೇನು?

ಒಂದು: ಈ ಹೊತ್ತಿನಿಂದ ಮನೆಯ ಬೆತ್ತವನ್ನೂ ಬರೆಯ ಕಡ್ಡಿಯನ್ನೂ ಒಲೆಗೆ ಹಾಕಿರಿ. ಶಿಕ್ಷಣವನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಮಾಡಬಾರದ್ದನ್ನು ಮಾಡಬಾರದೆಂದು ಒಂದೇ ಮಾತಿನಲ್ಲಿ ಹೇಳಿ, ಆ ಮಾತಿಗೆ ನಿಲ್ಲುವದು ಹೊಡೆಯುವದಕ್ಕಿಂತ ಕಷ್ಟದ ಕೆಲಸ. ಸಿಟ್ಟು ಏರಿದಾಗ ಅಂಗಳಕ್ಕೆ ಹೋಗಿ ಒಂದು ಚೆಂಬು ನೀರು ಕುಡಿದು ಬನ್ನಿರಿ.

ಎರಡು: ಮಗುವು ನೋವೆಂದರೆ ನಂಬಿರಿ. ಹೊಟ್ಟೆನೋವೆಲ್ಲಾ ಭಯದಿಂದಲೇ ಬರುವದಿಲ್ಲ, ಜಂತುಹುಳುವಿನಿಂದಲೂ ಬರುತ್ತದೆ. ಹಾಸಿಗೆ ನೆನಸುವ ಮಗು ಬೇಕೆಂದು ನೆನಸುವದಿಲ್ಲ. ಮೂತ್ರದ ರೋಗ, ಮಲಬದ್ಧತೆ, ಗಾಢನಿದ್ರೆ ಇವೂ ಕಾರಣವಾಗಬಹುದು. ತಾಯತ ಕಟ್ಟುವವನ ಬಳಿಗೆ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರಕೊಂಡುಹೋಗಿರಿ. ಪ್ರಾರ್ಥಿಸಿ ಹೋಗಿರಿ, ಹೋಗಿ ಬಂದು ಪ್ರಾರ್ಥಿಸಿರಿ.

ಮೂರು: ಮಗುವಿನ ಮೈಯನ್ನು ಕೆಡಿಸುವವನು ನೆಂಟನಾಗಲಿ ಉಪಾಧ್ಯಾಯನಾಗಲಿ ಸಭೆಯ ಹಿರಿಯನಾಗಲಿ ಉಪದೇಶಿಯೇ ಆಗಲಿ, ಮಾನ ಹೋದೀತೆಂದು ಮುಚ್ಚಿಡಬೇಡಿರಿ. ಮಗುವಿನ ಮಾನ ಹೋಗುವದಿಲ್ಲ, ಕೆಡಿಸಿದವನ ಮಾನ ಹೋಗುತ್ತದೆ. ೨೦೧೨ರ ಪೋಕ್ಸೊ ಕಾಯಿದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವದು ತಾನೇ ಅಪರಾಧ. ಪಂಚಾಯಿತಿ ಕೂಡಿಸಿ ರಾಜಿಮಾಡುವ ಅಧಿಕಾರ ಯಾರಿಗೂ ಇಲ್ಲ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಪಾಠಶಾಲೆಯಲ್ಲಿ ಹೊಡೆಯುವದನ್ನು ನಿಷೇಧಿಸಿದೆ. ತನ್ನ ವಶದಲ್ಲಿರುವ ಮಗುವಿಗೆ ಕ್ರೂರತೆ ಮಾಡುವವನಿಗೆ ೨೦೧೫ರ ಬಾಲನ್ಯಾಯ ಕಾಯಿದೆಯಲ್ಲಿ ೩ ವರುಷಗಳ ವರೆಗೆ ಸೆರೆ, ಅಥವಾ ೧ ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಉಂಟು. ಅಪಾಯದಲ್ಲಿರುವ ಮಗುವಿಗಾಗಿ ೧೦೯೮ ಎಂಬ ಸಂಖ್ಯೆಗೆ ಯಾರಾದರೂ, ಮಗು ತಾನೇ ಆದರೂ, ದುಡ್ಡಿಲ್ಲದೆ ದೂರವಾಣಿ ಮಾಡಬಹುದು. ಈ ಸಂಖ್ಯೆಯನ್ನು ಗುಡಿಯ ಬಾಗಿಲಲ್ಲಿ ಬರೆದು ಹಾಕಿರಿ.

ನಾಲ್ಕು: ಒಂದೊಂದು ಮಗುವಿಗೆ ವಾರದಲ್ಲಿ ಒಂದು ಸಾಯಂಕಾಲ ಕೊಡಿರಿ. ಇದಕ್ಕೆ ಹಣ ಬೇಡ.

ಆ ಹುಡುಗನ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ನಾವು ಆ ತಂದೆಯ ಮುಂದೆ ನಮ್ಮ ಬೋಧನೆಯ ತಪ್ಪನ್ನು ಒಪ್ಪಿಕೊಂಡೆವು. ಆತನು ಬಹಳ ಹೊತ್ತು ಸುಮ್ಮನಿದ್ದು, "ನನ್ನ ಅಪ್ಪನೂ ನನ್ನನ್ನು ಹೀಗೇ ನಿಲ್ಲಿಸುತ್ತಿದ್ದ, ಅಯ್ಯನವರೇ" ಎಂದನು. ಅದು ಎಂದಿನಿಂದ ಎಂಬ ಪ್ರಶ್ನೆಗೆ ಉತ್ತರವು ಅಲ್ಲಿಯೇ ಸಿಕ್ಕಿತು. ಹುಡುಗನನ್ನು ವೈದ್ಯರಿಗೆ ತೋರಿಸಿ, ಹುಳುವಿಗೆ ಔಷಧ ಕೊಡಿಸಿದರು. ಏಟು ನಿಂತಿತು. ಶನಿವಾರ ಸಾಯಂಕಾಲ ತಂದೆ ಮಗ ಇಬ್ಬರೇ ನಾಲೆಯ ಏರಿಯ ಮೇಲೆ ನಡೆದುಹೋಗುವ ರೂಢಿಯಾಯಿತು. ಮತ್ತೊಂದು ಸಾರಿ ನಾವು ಹೋದಾಗ ವಿಚಾರಿಸಲಾಗಿ, ಚಾಪೆಯು ಇನ್ನೂ ಒಮ್ಮೊಮ್ಮೆ ನೆನೆಯುತ್ತದೆಂದು ತಾಯಿ ಹೇಳಿದಳು. ಆದರೆ ಅದನ್ನು ಈಗ ಒಣಹಾಕುವವನು ತಂದೆ. ಹುಡುಗನು ಸ್ಕೂಲಿಗೆ ಹೋಗಿದ್ದನು. ಅವನು ಹಿಂದಿನ ದಿವಸ ಮುಳ್ಳು ತುಳಿದು ಊರೆಲ್ಲಾ ಕೇಳುವಂತೆ ಅತ್ತನೆಂದು ತಾಯಿ ನಗುತ್ತಾ ಹೇಳಿದಳು. ಆ ಅಳುವಿನ ಸುದ್ದಿಗಾಗಿ ನಾವು ದೇವರನ್ನು ಸ್ತೋತ್ರಮಾಡಿದೆವು.

ಅದೇ ೯ನೆಯ ಅಧ್ಯಾಯದಲ್ಲಿ ಮುಂದೆ ನಮ್ಮ ಕರ್ತನು ಒಂದು ಮಗುವನ್ನು ತೆಗೆದುಕೊಂಡು, ಶಿಷ್ಯರ ನಡುವೆ ನಿಲ್ಲಿಸಿ, ಅಪ್ಪಿಕೊಂಡನು. ಇಂಥವರನ್ನು ಸೇರಿಸಿಕೊಳ್ಳುವವನು ತನ್ನನ್ನೇ ಸೇರಿಸಿಕೊಳ್ಳುತ್ತಾನೆಂದು ಕಲಿಸಿದನು. ಚಿಕ್ಕವರನ್ನು ಎಡವಿಸುವವನಿಗೆ ಬೀಸುವ ಕಲ್ಲನ್ನು ಕೊರಳಿಗೆ ಕಟ್ಟಿ ಸಮುದ್ರದಲ್ಲಿ ಹಾಕುವದು ಲೇಸೆಂದೂ ಎಚ್ಚರಿಸಿದನು. ಅಪ್ಪುಗೆಯೂ ಬೀಸುವ ಕಲ್ಲೂ ಒಂದೇ ಅಧ್ಯಾಯದಲ್ಲಿವೆ. ಈ ರಾತ್ರಿ ನಿಮ್ಮ ಮಗು ಮಲಗಿರುವಾಗ ದೀಪವನ್ನು ಹಿಡಿದು ಅದರ ಮೈಯನ್ನು ನೋಡಿರಿ. ನಿಮ್ಮ ಕೈಯ ಗುರುತು ಅಲ್ಲಿದ್ದರೆ, ಅದರ ಪಕ್ಕದಲ್ಲಿ ಮೊಣಕಾಲೂರಿರಿ.

ಮಕ್ಕಳನ್ನು ಅಪ್ಪಿಕೊಂಡ ಕರ್ತನೇ, ನಮ್ಮ ಕೈಗಳ ಪಾಪವನ್ನು ಕ್ಷಮಿಸು. ನಾವು ಗಾಯಮಾಡಿದ್ದನ್ನು ನೀನು ವಾಸಿಮಾಡು. ನಮ್ಮ ಮಕ್ಕಳು ನಮ್ಮ ಹೆಜ್ಜೆಯ ಸಪ್ಪಳಕ್ಕೆ ಬಾಗಿಲಿಗೆ ಓಡಿಬರುವಂತೆ ನಮ್ಮನ್ನು ಮಾರ್ಪಡಿಸು. ಆಮೆನ್.